ಬನ್ನಿಯ ಬುಡಕ್ಕೆ ಎರೆದ ಅಂಬಲಿ

ಈ ವರ್ಷ ದಸರೆಗೆ ಎರಡು ದಿನ ಮುಂಚೆ ನನ್ನ ಫೋನಿಗೆ ಒಂದು ಸುಳ್ಳು ಬಂತು. ಅದನ್ನು ಮೊದಲು ಬರೆದವನು ನಾನೇ.

ಕಳಿಸಿದವನು ತಾಂಡೂರಿನಲ್ಲಿರುವ ನನ್ನ ಭಾವಮೈದುನ. ಅವನಿಗೆ ಯಾರೋ ಕಳಿಸಿದ್ದರು, ಅವರಿಗೆ ಇನ್ಯಾರೋ. ಮೇಲೆ ಸಿಂಹದ ಮೇಲೆ ಕೂತ ದೇವಿಯ ಚಿತ್ರ, ಕೆಳಗೆ ತೆಲುಗಿನಲ್ಲಿ ಬನ್ನಿಮರದ ಮಹಿಮೆ. ಮಹಿಷನನ್ನು ಕೊಂದು ದಣಿದ ದೇವಿ ಬನ್ನಿಯ ನೆರಳಿಗೆ ಬಂದು ಕೂತಳು. ಆಗ ಮುತ್ತೈದೆಯೊಬ್ಬಳು ಹಾಲೆರೆದು ಅವಳನ್ನು ತಣಿಸಿದಳು. ಆದ್ದರಿಂದ ವಿಜಯದಶಮಿಯ ದಿನ ಮುತ್ತೈದೆಯ ಕೈಯಿಂದ ಬನ್ನಿಯ ಬುಡಕ್ಕೆ ಹಾಲು ಬಿದ್ದ ಮೇಲೆಯೇ ಎಲೆ ಮುರಿಯಬೇಕು. ಇದನ್ನು ಪುರಾಣಗಳು ಹೇಳುತ್ತವೆ ಎಂದು ಕೊನೆಗೆ ಬರೆದಿತ್ತು.

ಪುರಾಣಗಳು ಏನು ಹೇಳುತ್ತವೆ ಎಂದು ತಿಳಿಯುವಷ್ಟು ಓದಿದವನು ನಾನಲ್ಲ. ಬೀದರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಮೆಟ್ರಿಕ್ ಪಾಸಾದವನು. ಆದರೆ ಆ ವಾಕ್ಯಗಳು ನನಗೆ ಗೊತ್ತು. ತಾಂಡೂರಿನಲ್ಲಿ ಒಂದು ಕಲ್ಲಿನ ಅಂಗಡಿಯ ಮುಂದೆ, ಸಿಮೆಂಟ್ ಚೀಲದ ಮೇಲೆ ಕೂತು, ಕೈಯಲ್ಲಿದ್ದ ಟೀ ಆರುವಷ್ಟರಲ್ಲಿ ಅವನ್ನು ಬರೆದಿದ್ದೆ. ‘ತಣಿಸಿದಳು’ ಎಂಬ ಮಾತು ಹೊಳೆದಾಗ ಎಷ್ಟು ಖುಷಿಯಾಗಿತ್ತು ಎಂಬುದೂ ನೆನಪಿದೆ. ಆ ಖುಷಿಯ ಬಗ್ಗೆಯೇ ನಾನು ಈಗ ಹೇಳಬೇಕಾಗಿರುವುದು.

ಅದು ನಾನು ನಿವೃತ್ತನಾದ ವರ್ಷ. ಹತ್ತು ಹನ್ನೆರಡು ವರ್ಷ ಹಿಂದಿನ ಮಾತು. ತೆಲುಗು ರಾಜ್ಯದ ಗಡಿಯಲ್ಲಿರುವ ನಮ್ಮ ಜಹೀರಾಬಾದ್‌ನಿಂದ ನಾರಾಯಣಖೇಡಕ್ಕೂ ಅಲ್ಲಿಂದ ಕಲ್ಹೇರ್ ಕಡೆಯ ಹಳ್ಳಿಗಳಿಗೂ ಹೋಗುವ ಬಸ್ಸಿನಲ್ಲಿ ಬಹಳ ಕಾಲ ಕಂಡಕ್ಟರ್ ಆಗಿದ್ದೆ. ಶ್ರಾವಣ ಮುಗಿಯುವ ಹೊತ್ತಿಗೆ ಚರ್ಮದ ಚೀಲ ಒಪ್ಪಿಸಿ ಮನೆಗೆ ಬಂದೆ. ಚೀಲ ಹೋದ ಮೇಲೂ ಭುಜ ಒಂದು ಕಡೆ ವಾಲಿಕೊಂಡೇ ಇತ್ತು. ಮನೆಯಲ್ಲಿ ಕೂರಲು ಬರಲಿಲ್ಲ. ಬೆಳಿಗ್ಗೆ ಎದ್ದು ಅದೇ ಬಸ್ಸು ಹತ್ತುತ್ತಿದ್ದೆ, ಪ್ರಯಾಣಿಕನಾಗಿ. ಅಷ್ಟು ವರ್ಷ ಜನರನ್ನು ‘ಎಲ್ಲಿಗೆ?’ ಎಂದಷ್ಟೇ ಕೇಳಿದ್ದವನಿಗೆ ಈಗ ‘ಯಾಕೆ?’ ಎಂದು ಕೇಳುವಷ್ಟು ಬಿಡುವು ಸಿಕ್ಕಿತ್ತು.

ಆ ವರ್ಷ ಮಳೆ ಹದವಾಗಿ ಆಗಿತ್ತು. ಹೆಸರು, ಉದ್ದು ಕಿತ್ತು ಮುಗಿದಿದ್ದವು, ತೊಗರಿ ಸೊಂಟದೆತ್ತರ ನಿಂತಿತ್ತು. ಜಹೀರಾಬಾದ್ ದಾಟಿ ಕೆಂಪು ನೆಲ ಮುಗಿಯುವ ತನಕ ರಸ್ತೆಯ ಎರಡೂ ಬದಿಗೆ ಆವರಿಕೆ ಹೂವು, ನಮ್ಮ ಕಡೆ ಅದಕ್ಕೆ ತಂಗಡಿ ಎನ್ನುತ್ತಾರೆ, ಅರಿಶಿನ ಚೆಲ್ಲಿದಂತೆ ಇತ್ತು. ಮಹಾಲಯ ಅಮಾವಾಸ್ಯೆಯ ದಿನ ಬಸ್ಸು ತುಂಬ ಹೂವಿನ ಬುಟ್ಟಿಗಳು. ಅಂದು ಬೆಳಿಗ್ಗೆ ಹಿರಿಯರಿಗೆ ಎಡೆ, ಸಂಜೆ ಬತುಕಮ್ಮ ಶುರು. ಹೂವನ್ನು ಗೋಪುರದಂತೆ ಪೇರಿಸಿ ಹೆಣ್ಣುಮಕ್ಕಳು ಸುತ್ತ ಆಡುತ್ತಾರೆ. ಮೊದಲ ದಿನದ ಹೂವಿಗೆ ಎಂಗಿಲಿ ಹೂವು ಎಂದು ಹೆಸರು, ಅಂದರೆ ಎಂಜಲು. ಸತ್ತವರ ದಿನವೇ ಹೂವಿನ ಹಬ್ಬ ಯಾಕೆ ಶುರುವಾಗುತ್ತದೆ, ದೇವರಿಗೆ ಎಂಜಲು ಹೂವು ಯಾಕೆ? ಬುಟ್ಟಿ ಹಿಡಿದು ಕೂತ ಮೂವರನ್ನು ಕೇಳಿದೆ.

“ಹಿಂದ ದಂಟು ಹಲ್ಲಿಲೆ ಕಡದು ಜೋಡಸ್ತಿದ್ರಂತ್ರಿ, ಅದಕ್ಕ ಎಂಜಲ” ಅಂದಳು ಒಬ್ಬಳು.

“ಏ ಅಲ್ಲ ತಗಿ. ಹಿಂದಿನ ದಿನಾನೇ ಹರದು ನೀರಾಗ ಇಟ್ಟಿರತೀವಿ. ತಂಗಳು ಹೂವದು.”

“ಇಬ್ಬರಿಗೂ ತಿಳದಿಲ್ಲ. ಹಿರೇರಿಗಿ ಎಡಿ ಹಾಕಿ, ಉಂಡು, ಉಂಡ ಮ್ಯಾಲ ಪೇರಸ್ತೀವಲ್ಲ, ಅದಕ್ಕ.” ಮೂರನೆಯವಳು ನನ್ನ ಕಡೆ ತಿರುಗಿದಳು. “ಅಲ್ರಿ ಸಾಬ, ನಮ್ಮ ಹೂವಿನ ಖಬರ್ ನಿಮಗ್ಯಾಕ? ಟಿಕೆಟ್ ಕೇಳೋದು ಮುಗೀತಂತ ಈಗ ಇದು ಕೇಳಾಕ ಹತ್ತೀರೇನು?”

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಇಳಿದ ಮೇಲೆ ಮೂರೂ ಉತ್ತರ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ತಿಂಗಳಿಂದ ಅದೇ ಚಾಳಿಯಾಗಿತ್ತು. ದಸರೆಯ ದಿನ ನೀಲಕಂಠ ಹಕ್ಕಿಯನ್ನು ಯಾಕೆ ಹುಡುಕಿಕೊಂಡು ಹೋಗಿ ನೋಡುತ್ತಾರೆ? ರಾಮನಿಗೆ ಕಂಡಿತ್ತು, ಅದಕ್ಕೇ ಗೆದ್ದ ಎಂದರು ನಾರಾಯಣಖೇಡದ ಒಬ್ಬ ಪೂಜಾರಿ. ಪೆದ್ದೆಮುಲ್ ಕಡೆಯ ಒಬ್ಬ ರೈತ, “ಅದು ಹೊಲಕ್ಕ ಬಂತಂದ್ರ ಹುಳ ತಿಂತದರಿ. ತೊಗರಿ ಉಳೀತದ. ಅದಕ್ಕಿಂತ ಶಕುನ ಏನು ಬೇಕು?” ಎಂದ. ದೀಪಾವಳಿಗೆ ಬಾಗಿಲಲ್ಲಿ ಸೆಗಣಿಯ ಐದು ಗುಂಪೆ ಇಟ್ಟು, ಕುಂಬಳದ ಹೂವು ಸಿಕ್ಕಿಸಿ, ಪಾಂಡವರು ಎನ್ನುತ್ತಾರಲ್ಲ, ಅದನ್ನೂ ಕೇಳಿದೆ. “ಪಾಂಡವರನ್ನ ಸೆಗಣೀಲೆ ಯಾಕ ಮಾಡ್ತಾರ ಆಯಿ?” ಪಸ್ತಾಪುರದ ಒಂದು ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. “ಮತ್ತ ಬಂಗಾರದ್ಲೆ ಮಾಡಂತ ನಿಮ್ಮಪ್ಪ ಕೊಟ್ಟಾನೇನು? ಹೊಲಕ್ಕ ಹಾಕೋದು ಯಾವುದು? ಅದೇ ನಮ್ಮ ದೇವರು.”

ಹೀಗೆ ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಹೊಳೆಯಿತು. ಏನು ಕೇಳಿದರೂ ಎರಡು ಉತ್ತರ ಬರುತ್ತಿದ್ದವು. ಒಂದು ಮೇಲಿನಿಂದ ಇಳಿದದ್ದು, ಅದರಲ್ಲಿ ದೇವರು, ರಾಜರು, ಯುದ್ಧ. ಅದು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ನೆಲದಿಂದ ಎದ್ದದ್ದು, ಅದರಲ್ಲಿ ಹುಳ, ಗೊಬ್ಬರ, ಬಿತ್ತನೆ, ಸತ್ತ ಅಜ್ಜಿಯರು. ಅದು ಊರಿಗೊಂದು, ಕೆಲವೊಮ್ಮೆ ಮನೆಗೊಂದು. ಮೊದಲನೆಯದನ್ನು ಎಲ್ಲರೂ ಎದೆಯುಬ್ಬಿಸಿ ಹೇಳುವರು. ಎರಡನೆಯದನ್ನು ಹೇಳುವಾಗ ಸ್ವಲ್ಪ ನಾಚುವರು, ಅಥವಾ ನನ್ನನ್ನು ಗೇಲಿ ಮಾಡುವರು. ನನಗೆ ಮಾತ್ರ ಎರಡನೆಯದೇ ರುಚಿಸುತ್ತಿತ್ತು. ಇದು ತಿಳಿದಿದ್ದೂ ನಾನು ಮಾಡಿದ್ದನ್ನು ಮಾಡಿದೆ.

ನವರಾತ್ರಿಯ ಮೊದಲ ದಿನ ಸಂಗಪ್ಪ ಪಟೇಲರು ಕರೆಸಿದರು. ಕಲ್ಹೇರ್ ಕಡೆಯ ದಾರಿಯ ಒಂದು ಊರಿನ ದೊಡ್ಡ ಮನೆಯವರು. ಊರಿನ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ಅಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಬನ್ನಿಕಟ್ಟೆ.

“ರೇವಣಪ್ಪಾ, ನೀ ಹೆಂಗೂ ಊರೂರು ತಿರಗಿ ಕಥಿ ಕೂಡಹಾಕ್ಲತ್ತಿ” ಎಂದರು ಪಟೇಲರು. “ದಸರಾ ಕಮಿಟಿಯಿಂದ ಕಟ್ಟಿಗೊಂದು ಕಲ್ಲು ನಿಲ್ಲಸಾಕ ಮಾಡೇವಿ. ಈ ಮರ ಎದಕ್ಕ ಪೂಜಿ ಮಾಡ್ತಾರ, ಇದರ ಎಲಿಗಿ ಬಂಗಾರ ಅಂತ ಯಾಕಂತಾರ, ಹುಡುಗರಿಗಿ ತಿಳೀಬೇಕು. ನಿನ್ನ ಅಕ್ಷರ ಛಲೋ ಅವ. ತೆಲುಗಿನಾಗ ಬರದುಕೊಡು, ಸಾಲಿ ಓದೋರೆಲ್ಲ ಈಗ ಅದೇ.”

ನನಗೆ ಬಹಳ ಸಂತೋಷವಾಯಿತು. ಟಿಕೆಟ್ಟಿನ ಮೇಲೆ ಗೀಟು ಹಾಕಿದ ಕೈ, ಈಗ ಕಲ್ಲಿನ ಮೇಲೆ ಬರೆಯುವುದು.

ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು ‘ಬಂಗಾರ ತಗೊಂಡು ಬಂಗಾರದ್ಹಂಗ ಇರೋಣು’ ಎನ್ನುವುದು ನಮ್ಮ ಕಡೆ ಎಲ್ಲ ಊರಿನಲ್ಲೂ ಉಂಟು. ಈ ಊರಿನಲ್ಲಿ ಮಾತ್ರ ಅದಕ್ಕೂ ಮೊದಲು ಒಂದು ಕ್ರಮ ಇತ್ತು. ಜನ ಎಲ್ಲ ಸೇರಿ ನಿಂತಿರುವಾಗ ಕೇರಿಯ ಕಡೆಯಿಂದ ಸಾಯವ್ವ ಎಂಬ ಹೆಂಗಸು ಮಣ್ಣಿನ ಗಡಿಗೆಯಲ್ಲಿ ಜೋಳದ ಅಂಬಲಿ ತರುವಳು. ಮಂತ್ರವಿಲ್ಲ, ಅರಿಶಿನ ಕುಂಕುಮವಿಲ್ಲ. ಬನ್ನಿಯ ಬುಡಕ್ಕೆ ಸುರಿದು, ಒಂದು ಟೊಂಗೆ ತಾನೇ ಮುರಿದು, ಎದುರಿಗಿದ್ದ ಯಾರಿಗಾದರೂ ಮೊದಲ ಎಲೆ ಕೊಡುವಳು. ಆಮೇಲೆ ಊರು ಮರದ ಮೇಲೆ ಬೀಳುವುದು. ಸಾಯವ್ವನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳಿಗಿಂತ ಮೊದಲು ಅವಳ ಅತ್ತೆ ಹೀಗೇ ತರುತ್ತಿದ್ದುದನ್ನೂ ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ.

ಅಂಬಲಿ ಯಾಕೆ? ಪಾಂಡವರು ಆಯುಧ ಬಚ್ಚಿಟ್ಟ ಮರ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೂ ಅಂಬಲಿಗೂ ಏನು ಸಂಬಂಧ? ಕಿರಾಣಿ ಅಂಗಡಿಯವನು, ಮಾರಿಗೆ ತಂಪು ಎಂದ. ಪೂಜಾರಿ, ಅದು ಶಾಸ್ತ್ರದಲ್ಲಿಲ್ಲ ಎಂದ. ಪಟೇಲರು, ಮೊದಲಿನಿಂದ ಬಂದದ್ದು ಎಂದರು. ಸಾಯವ್ವನನ್ನು ಕೇಳಿದ್ದೀರಾ ಎಂದರೆ ಎಲ್ಲರೂ ನನ್ನನ್ನೇ ನೋಡಿದರು. ಕೇಳಬೇಕೆಂದರೆ ಕೇರಿಗೆ ಹೋಗಬೇಕು. ಅಷ್ಟೇ ಕಾರಣ.

ನಾನು ಹೋದೆ. ಸಾಯವ್ವ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಬಿತ್ತನೆಯ ಬಿಳಿಜೋಳಕ್ಕೆ ಬೂದಿ ತಿಕ್ಕುತ್ತಿದ್ದಳು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಒಬ್ಬಳೇ ಮಗಳು ಸುಜಾತಾ ತಾಂಡೂರಿನ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು.

“ಬರ್ರಿ ಕಂಡಕ್ಟರ್ ಸಾಬ. ಯಾವಾಗಾದ್ರೂ ಟಿಕೆಟ್ ಇಲ್ದೆ ಹತ್ತಿದ್ದು ಈಗ ನೆಪ್ಪಾತೇನು?”

“ಇಲ್ಲವಾ. ಬನ್ನಿಗಿ ಅಂಬಲಿ ಎದಕ್ಕ ಹಾಕ್ತಿ, ಕೇಳಾಕ ಬಂದೀನಿ.”

ಅವಳ ಕೈ ನಿಂತಿತು. “ಇಷ್ಟು ವರ್ಷಕ್ಕ ಒಬ್ಬವ ಕೇಳ್ದ ನೋಡು” ಎಂದು ನಕ್ಕಳು. ಒಳಗಿನಿಂದ ಒಂದು ಬಟ್ಟಲು ಅಂಬಲಿ ತಂದು ಇಟ್ಟಳು. ಹುಳಿ ಬಂದ ಅಂಬಲಿಯ ಮೇಲೆ ಬೆಳ್ಳುಳ್ಳಿ ಖಾರ. ಕುಡಿಯುವೆನೋ ಇಲ್ಲವೋ ಎಂದು ನೋಡುತ್ತಿದ್ದಳು. ಕುಡಿದೆ. ಆಮೇಲೆ ಹೇಳಿದಳು.

ಯಾವ ಕಾಲ ಎಂದು ಅವಳಿಗೂ ಗೊತ್ತಿಲ್ಲ, ಗಂಡನ ಮನೆಯ ಮುತ್ತವ್ವನೊಬ್ಬಳ ಕಾಲ. ದಂಡು ಬರುತ್ತಿದೆ ಎಂಬ ಸುದ್ದಿ ಬಂತು. ದಂಡಿನವರು ನೆಲದೊಳಗಿನ ಹಗೇವುಗಳನ್ನೂ ಅಗೆದು ಕಾಳು ಒಯ್ಯುವವರು. ಊರಿನವರು ತಿನ್ನುವ ಕಾಳಿನ ಚಿಂತೆಯಲ್ಲಿದ್ದಾಗ ಈ ಮುತ್ತವ್ವ ಬೀಜದ ಚಿಂತೆ ಮಾಡಿದಳು. ರಾಶಿಯ ಕಾಲದಲ್ಲಿ ಕಣಗಳಲ್ಲಿ ಗುಡಿಸಿ, ಆರಿಸಿ, ತನ್ನ ಪಾಲಿಗೆ ಬಂದ ಜೋಳದಲ್ಲಿ ಒಳ್ಳೆಯದನ್ನು ಎತ್ತಿಟ್ಟಿದ್ದಳು. ಅದನ್ನು ಸತ್ತ ಕರುವಿನ ಹಸಿ ತೊಗಲಿನಲ್ಲಿ ಕಟ್ಟಿ ಬನ್ನಿಮರಕ್ಕೆ ನೇತುಹಾಕಿದಳು.

“ನಾತ ಅಂದ್ರ ನಾತ! ದಂಡಿನವರೂ ಮೂಗು ಮುಚ್ಚಿಕೊಂಡು ಆಚಿಕಡೀಲಿಂದ ಹೋದ್ರಂತ. ಊರವರೂ ಬೈದ್ರಂತ, ಹೊಲೆ ಮಾಡಿಟ್ಟಾಳ ಅಂತ. ಆಕಿ ಒಂದ ಮಾತಾಡ್ಲಿಲ್ಲ. ಹೇಳಿದ್ರ ಸುದ್ದಿ ಒಡೀತದ ಅಲಾ?”

ದಂಡು ಊರನ್ನು ಬರಿದು ಮಾಡಿ ಹೋಯಿತು. ಹಸ್ತ ಮಳೆ ಬಂತು, ಕರಿಯ ನೆಲ ಹದವಾಯಿತು, ಹಿಂಗಾರಿ ಬಿತ್ತಲು ಯಾರ ಮನೆಯಲ್ಲೂ ಒಂದು ಕಾಳಿಲ್ಲ. ದಶಮಿಯ ದಿನ ಮುತ್ತವ್ವ ಗಂಟು ಇಳಿಸಿದಳು. ಅವಳ ಕೈಯಿಂದ ನೇರ ತೆಗೆದುಕೊಳ್ಳಲು ಜನ ಹಿಂದೆ ಮುಂದೆ ನೋಡಿದರು. ಅದಕ್ಕೆ ಅವಳು ಬನ್ನಿಯ ಟೊಂಗೆಗಳನ್ನು ಮುರಿದು ನೆಲಕ್ಕೆ ಹಾಸಿ, ಬೀಜ ಅದರ ಮೇಲೆ ಸುರಿದು, ದೂರ ಸರಿದು ನಿಂತಳು. ಊರು ಬಂದು, ಎಲೆ ಸಮೇತ ಹಿಡಿ ಹಿಡಿ ಎತ್ತಿಕೊಂಡು ಹೋಯಿತು.

“ಅದು ಬಂಗಾರ. ಕಾಳು ಮುಂದ ಎಲ್ಲಾರ ಮನ್ಯಾಗೂ ಆದವು, ಕಾಳು ಬಿಟ್ಟರು. ಎಲಿ ಉಳೀತು. ನಮ್ಮ ಮನೀದು ಮಾತ್ರ ಅಂಬಲಿ ತಪ್ಪಿಲ್ಲ.”

“ಅಂದ್ರ ಇದು ಮುತ್ತವ್ವನ ಪೂಜಿ?”

“ಪೂಜಿ ಅಲ್ರಿ, ನೆಪ್ಪು. ನಾವು ಪೂಜಿ ಬಿಟ್ಟು ಬುದ್ಧನ ಕಡಿ ಹೋಗೇವಿ. ನೆಪ್ಪು ಹೆಂಗ ಬಿಡಾಕ ಬರ್ತದ?”

ದಸರೆಗೂ ಬಿತ್ತನೆಗೂ ಎಲೆಗೂ ಬಂಗಾರಕ್ಕೂ ಇರುವ ಗಂಟು ಬಿಚ್ಚಿ ಕೈಗೆ ಕೊಟ್ಟಂತಾಗಿತ್ತು. ಇದೇ ನಿಜವೋ, ಇದೂ ಒಂದು ಕಥೆಯೋ, ಹೇಳಲಾರೆ. ಆದರೆ ಇದು ಅವರ ಮನೆಯದು. ನಾನು ಬರೆದುಕೊಂಡದ್ದನ್ನೆಲ್ಲ ಓದಿಸಿ ಕೇಳಿದಳು. ಎರಡು ಕಡೆ ತಿದ್ದಿದಳು. ಎದ್ದಾಗ ಹೇಳಿದಳು: “ಮಗಳಿಗಿ ಹೇಳಬೇಕಂತೀನಿ, ಆಕಿಗಿ ಪರೀಕ್ಷಾದ ಚಿಂತಿ. ಈಗ ನಿಮ್ಮ ಬುಕ್ಕಿನಾಗ ಅದ. ಇನ್ನ ಎಲ್ಲೀ ಹೋಗಲ್ಲ.”

ಪಟೇಲರಿಗೆ ಎಲ್ಲ ಹೇಳಿದೆ. “ಖರೆನೂ ಇರಬಹುದು” ಎಂದರು. “ಆದ್ರ ಕಲ್ಲಿನ ಮ್ಯಾಲ ಹೆಂಗ ಬರೀತಿ? ಪಟೇಲರ ಮುತ್ಯಾ ಸತ್ತ ಕರದ ತೊಗಲಾಗಿನ ಕಾಳು ಬಿತ್ತಿ ಉಂಡಾನ ಅಂತ? ಬರೀಬ್ಯಾಡ ಅಂತ ನಾ ಅನ್ನಲ್ಲ. ನಿನಗ ತಿಳದಂಗ ಬರಿ.”

ಅವರು ಬೇಡ ಎಂದಿದ್ದರೆ ನನಗೆ ಇಂದು ಹಗುರವಾಗುತ್ತಿತ್ತು. ಬೇಡ ಎನ್ನಲಿಲ್ಲ.

ಕಲ್ಲು ಕೆತ್ತುವುದು ತಾಂಡೂರಿನಲ್ಲಿ. ಅಲ್ಲಿಯ ನೀಲಿ ಕಲ್ಲು, ಕೆತ್ತುವವರು ಮೈಬೂಸಾಬ್. ನಾನು ಬರೆದು ಒಯ್ದದ್ದರಲ್ಲಿ ದೇವಿಯ ವಿಜಯ, ಪಾಂಡವರ ಆಯುಧ, ಎಲ್ಲರಿಗೂ ಗೊತ್ತಿರುವಷ್ಟೇ ಇತ್ತು. ಅಂಬಲಿಯ ಸುದ್ದಿ ಇರಲಿಲ್ಲ. ಬಿಟ್ಟರೆ ಸಾಕು, ಸುಳ್ಳೇನೂ ಹೇಳಿದಂತಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮೈಬೂಸಾಬ್ ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕಿ, ನನ್ನ ಸಾಲುಗಳನ್ನು ಎಣಿಸಿದರು.

“ಮಾಸ್ಟರ್, ಕೆಳಗ ಮೂರು ಲೈನ್ ಖಾಲಿ ಉಳೀತಾವ. ಬೋಳು ಕಾಣ್ತದ. ಏನಾದ್ರೂ ಹಾಕ್ರಿ.”

ಮೂರು ಸಾಲು. ‘ಈ ಊರಿನ ಬೀಜ ಉಳಿಸಿದ ತಾಯಿಯ ನೆನಪಿಗೆ ಮೊದಲು ಅಂಬಲಿ’ ಎಂದು ಬರೆಯಲು ಒಂದೂವರೆ ಸಾಲು ಸಾಕಿತ್ತು. ತೊಗಲಿನ ಮಾತೇ ಬೇಕಿರಲಿಲ್ಲ. ಅದು ಹೊಳೆಯಲಿಲ್ಲವೆ? ಹೊಳೆಯಿತು. ಆದರೆ ಅಂಥ ಸಾಲಿನ ಕೆಳಗೆ ನನ್ನನ್ನು ನಾಲ್ಕು ಜನ ಹೊಗಳುವುದು ಕಾಣಲಿಲ್ಲ. ಮಾಸ್ಟರ್ ಎಂದು ಬೇರೆ ಕರೆದಿದ್ದರು, ಜೀವನದಲ್ಲಿ ಮೊದಲ ಸಲ. ಸಿಮೆಂಟ್ ಚೀಲದ ಮೇಲೆ ಕೂತೆ. ದಣಿದ ದೇವಿ ಬಂದಳು, ನೆರಳು ಬಂತು, ಹಾಲು ಬಂತು. ‘ಮುತ್ತೈದೆ’ ಎಂಬ ಪದ ಬರೆಯುವಾಗ ಸಾಯವ್ವನ ಬರಿಯ ಹಣೆ ಕಣ್ಣ ಮುಂದೆ ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಂತು. ಆದರೂ ಆ ಪದ ವಾಕ್ಯಕ್ಕೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ತೆಗೆಯಲು ಮನಸ್ಸಾಗಲಿಲ್ಲ. ಮೈಬೂಸಾಬ್ ಓದಿ, “ವಾಹ್, ಮಸ್ತ್ ಬರದೀರಿ” ಎಂದರು.

ವಿಜಯದಶಮಿಯ ದಿನ ಕಲ್ಲು ಕಟ್ಟೆಯ ಮೇಲೆ ನಿಂತಿತ್ತು. ಬಿಸಿಲು ಇಳಿಯುವ ಹೊತ್ತು. ಹಣೆಗೆ ಕುಂಕುಮ ಇಟ್ಟ ಪಟೇಲರ ಸೊಸೆ ಹಿತ್ತಾಳೆಯ ತಂಬಿಗೆಯಲ್ಲಿ ಹಾಲು ಹಿಡಿದು ನಿಂತಿದ್ದಳು. ಕಲ್ಲಿನಲ್ಲಿ ಬರೆದ ಮೇಲೆ ಹಾಗೆ ಮಾಡಬೇಕಲ್ಲ ಎಂದು ಕಮಿಟಿಯವರೇ ನಿರ್ಧರಿಸಿದ್ದರು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಕಲ್ಲಿನ ಮೇಲೆ ಬರೆದದ್ದು ಓದುವುದಕ್ಕೆ ಎಂದುಕೊಂಡಿದ್ದೆ, ಜನ ಅದನ್ನು ಮಾಡುತ್ತಾರೆ ಎಂದು ಗೊತ್ತಿರಲಿಲ್ಲ.

ಸಾಯವ್ವ ಗಡಿಗೆ ಹೊತ್ತು ಬಂದಳು. ಜನ ದಾರಿ ಬಿಡಲಿಲ್ಲ. ಪಟೇಲರು ಮೆತ್ತಗೆ ಹೇಳಿದರು: “ಸಾಯವ್ವ, ಈಗ ಕಲ್ಲಿನಾಗ ಹಿಂಗ ಬರದದ. ಏನೂ ತಿಳ್ಕೋಬ್ಯಾಡ.”

ಅವಳಿಗೆ ಓದು ಬರದು. ನನ್ನನ್ನು ಹುಡುಕಿ ನೋಡಿದಳು. “ಕಂಡಕ್ಟರ್ ಸಾಬ, ಏನು ಬರದದ, ನೀವೇ ಓದ್ರಿ.”

ಓದಿದೆ. ತೆಲುಗನ್ನು ಕನ್ನಡ ಮಾಡಿ ಹೇಳಿದೆ. ಅವಳು ತಲೆ ಓರೆ ಮಾಡಿ ಕೊನೆಯ ತನಕ ಕೇಳಿದಳು.

“ಇದನ್ನ ನೀವು ಬರದೀರೇನು?”

“ಇಲ್ಲ ಸಾಯವ್ವ. ಕಮಿಟಿಯವರು ಮಾಡ್ಯಾರ.”

ಪಟೇಲರು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

“ನಾ ಹೇಳಿದ್ದು ನಿಮ್ಮ ಬುಕ್ಕಿನಾಗ ಅದ ಅಲಾ?”

“ಅದ.”

“ಹಂಗಾದ್ರ ಆತು ಬಿಡ್ರಿ” ಎಂದಳು. ಗಡಿಗೆಯನ್ನು ತಲೆಯ ಮೇಲಿಂದ ಇಳಿಸಲೇ ಇಲ್ಲ. ಹಾಲು ಬಿದ್ದು, ಜನ ಎಲೆ ಮುರಿದಾಗ, ಅವಳು ಆಚೆ ನಿಂತಿದ್ದ ನನ್ನ ಹತ್ತಿರ ಬಂದು ಎರಡು ಎಲೆ ಕೈಗಿಟ್ಟಳು. “ಬಂಗಾರ ತಗೋರಿ.” ಮುಂದಿನ ಮಾತು ಹೇಳಲಿಲ್ಲ. ಕೇರಿಯ ಕಡೆ ನಡೆದಳು.

ಮರುದಿನ ಜಹೀರಾಬಾದ್‌ನಲ್ಲಿ ಆ ನೋಟ್‌ಬುಕ್ಕನ್ನು ಹಳೆಯ ಪೇಪರಿನ ಜೊತೆ ರದ್ದಿಯವನ ಚೀಲಕ್ಕೆ ಹಾಕಿದೆ. ಯಾರಾದರೂ ತೆರೆದು ಓದಿದರೆ ನಾನು ಸಿಕ್ಕಿಬೀಳುವೆ ಎಂಬ ಹೆದರಿಕೆ. ನನ್ನ ಮನೆಯಲ್ಲಿ ಅದನ್ನು ತೆರೆಯುವವರು ಯಾರೂ ಇರಲಿಲ್ಲ. ಎಂಗಿಲಿ ಹೂವು, ನೀಲಕಂಠ, ಸೆಗಣಿಯ ಪಾಂಡವರು, ಮುತ್ತವ್ವ, ಎಲ್ಲ ಒಟ್ಟಿಗೆ ಹೋದವು. ಆಮೇಲೆ ನಾನು ಯಾರನ್ನೂ ಯಾಕೆ ಎಂದು ಕೇಳಲಿಲ್ಲ. ಆ ಊರಿಗೂ ಹೋಗಲಿಲ್ಲ. ಸಾಯವ್ವ ತೀರಿದಳೆಂದು ಒಬ್ಬ ಡ್ರೈವರ್ ಹೇಳಿದ, ಆಗಲೂ ಹೋಗಲಿಲ್ಲ.

ಈ ವರ್ಷ ಫೋನಿನಲ್ಲಿ ನನ್ನ ವಾಕ್ಯ ನೋಡಿದ ಮೇಲೆ ಕೂರಲಾಗಲಿಲ್ಲ. ದಶಮಿಯ ದಿನ ಬಸ್ಸು ಹತ್ತಿದೆ. ಕಟ್ಟೆಯ ಮೇಲೆ ಈಗ ತಗಡಿನ ಚಾವಣಿ, ಮೈಕು. ಸಂಗಪ್ಪ ಪಟೇಲರು ಈಗಿಲ್ಲ, ಕಮಿಟಿಗೆ ಅವರ ಮಗ. ಹಾಲಿನ ತಂಬಿಗೆ ಹಿಡಿದವಳು ಅದೇ ಸೊಸೆ, ತಲೆ ನರೆತಿದೆ. ಎರಡು ಮಾತು ಆಡುತ್ತೇನೆ ಎಂದು ಮೈಕು ಇಸಿದುಕೊಂಡೆ. ಕಲ್ಲಿನ ಕೆಳಗಿನ ಮೂರು ಸಾಲು ಸುಳ್ಳು, ಅದನ್ನು ನಾನು ಕಟ್ಟಿದೆ, ಇಲ್ಲಿ ಹಾಲಲ್ಲ ಅಂಬಲಿ ಬೀಳುತ್ತಿತ್ತು, ಸಾಯವ್ವನ ಮನೆಯದು, ಎಂದು ಹೇಳಿದೆ.

ಮಾಣಿಕಪ್ಪ ಎಂಬ ನನ್ನದೇ ವಯಸ್ಸಿನವನು ಎದ್ದ.

“ರೇವಣಪ್ಪೋರ, ಏನು ಮಾತಾಡ್ಲತ್ತೀರಿ? ಅಂಬಲಿ ಹಾಕ್ತಿದ್ದರು, ಖರೆ. ದೇವಿಗೆ ಹಾಲು ಎರದ ಕಥಿ ಮಾತ್ರ ನಮ್ಮ ಆಯಿ ನಾ ಸಣ್ಣಾವ ಇದ್ದಾಗ ಹೇಳ್ಯಾಳ. ನನಗ ನೆಪ್ಪದ.”

“ಮಾಣಿಕಪ್ಪಾ, ಅದನ್ನ ನಾ ತಾಂಡೂರಾಗ ಟೀ ಕುಡಕೋತ ಬರದೀನೋ!”

“ಬರದಿರಬಹುದು. ಮೊದಲೇ ಇದ್ದದ್ದೇ ಬರದೀರಿ.”

ಜನ ನಕ್ಕರು. ವಯಸ್ಸಾತು, ಕೂಡ್ರಿ ಕಾಕಾ, ನೀರು ಕುಡೀರಿ ಎಂದು ಯಾರೋ ಕೈ ಹಿಡಿದು ಕೂರಿಸಿದರು. ಹಾಲು ಬಿತ್ತು. ನಾನು ಮಾಣಿಕಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಸುಳ್ಳಾಡುತ್ತಿರಲಿಲ್ಲ. ಅವನ ಅಜ್ಜಿಯ ದನಿಯಲ್ಲಿ ಅವನಿಗೆ ನನ್ನ ವಾಕ್ಯ ಕೇಳಿಸುತ್ತಿತ್ತು. ಮೂಲ ಎನ್ನುವುದು ಹೀಗೂ ಹುಟ್ಟುತ್ತದೆ, ಮುಂದೆ ಹುಟ್ಟಿ ಹಿಂದಕ್ಕೆ ಬೆಳೆಯುತ್ತದೆ, ಎಂದು ಆಗ ತಿಳಿಯಿತು. ಎಲ್ಲ ಊರಿನಲ್ಲೂ ಒಂದೇ ಥರ ಇದ್ದ ಆ ಮೇಲಿನ ಉತ್ತರಗಳಲ್ಲಿ, ನನ್ನಂಥವನು ಎಲ್ಲೋ ಕೂತು ಬರೆದದ್ದು ಎಷ್ಟಿರಬಹುದು?

ಅಲ್ಲಿಂದ ಕೇರಿಗೆ ನಡೆದೆ. ಅಲ್ಲಿ ಅಂದು ಬೇರೆಯೇ ಹಬ್ಬ. ತಮ್ಮ ಜನ ಬುದ್ಧನ ದಾರಿ ಹಿಡಿದ ದಿನ ಎಂದು ಅವರು ಇದೇ ದಶಮಿಯನ್ನು ಆಚರಿಸುತ್ತಾರೆ. ಬಿಳಿಯ ಬಟ್ಟೆ, ಪಾಯಸ, ನೀಲಿ ಬಾವುಟ. ಸುಜಾತಾ ಈಗ ಅದೇ ಊರಿನ ಅಂಗನವಾಡಿಯಲ್ಲಿ ಟೀಚರ್. ಮೈಕಿನ ಮಾತು ಅವಳಿಗೆ ಕೇಳಿಸಿತ್ತು. ಕುರ್ಚಿ ಹಾಕಿದಳು.

“ನೀವು ಕಂಡಕ್ಟರ್ ಕಾಕಾ.”

“ಹೌದವಾ. ಆ ಕಲ್ಲು ಒಡಸ್ತೀನಿ. ಇಲ್ಲಾಂದ್ರ ಇನ್ನೊಂದು ಹಾಕಸ್ತೀನಿ.”

“ಕಲ್ಲು ತಗೊಂಡು ನಾವೇನು ಮಾಡೂನ್ರಿ? ಅಲ್ಲಿ ಅಂಬಲಿ ಸುರೀಲಿಕ್ಕೂ ನಾ ಹೋಗಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ಚೆನ್ನಾಗಿತ್ತು. “ಆ ವರ್ಷದ ಮ್ಯಾಲ ಅವ್ವ ಆ ಮಾತು ಬಾಯಾಗ ತಗೀಲಿಲ್ರಿ. ನಾ ಓದು ಮುಗಿಸಿ ಬಂದು ಎಷ್ಟು ಸರ್ತಿ ಕೇಳ್ದೆ. ಕಂಡಕ್ಟರಗ ಕೊಟ್ಟೀನಿ, ಅಲ್ಲಿ ಹೋಗಿ ಓದ್ಕೋ ಅಂತಿದ್ದಳು. ಆ ಬುಕ್ಕು ಕೊಡ್ರಿ.”

ಬುಕ್ಕು ಏನಾಯಿತೆಂದು ಹೇಳಿದೆ. ಹೊರಗೆ ಮಕ್ಕಳಿಗೆ ಪಾಯಸ ಹಂಚುವ ಗದ್ದಲ. ಅವಳು ಒಳಗೆ ಹೋಗಿ ಅಂಗನವಾಡಿಯ ಒಂದು ಖಾಲಿ ನೋಟ್‌ಬುಕ್ಕು, ಪೆನ್ನು ತಂದು ಎದುರಿಗೆ ಕೂತಳು. “ನೆಪ್ಪಿದ್ದಷ್ಟು ಹೇಳ್ರಿ. ಒಂದು ಮಾತು. ಇದರಾಗ ನಮ್ಮವ್ವಂದು ಎಷ್ಟು, ನಿಮ್ಮದೆಷ್ಟು, ಅದು ಮೊದಲು ನೋಡಿ ಹೇಳ್ರಿ.”

ದಂಡು ಬಂದದ್ದು ಅವ್ವನದು. ಹಗೇವು ಅಗೆದದ್ದು, ಕಣ ಗುಡಿಸಿ ಬೀಜ ಆರಿಸಿದ್ದು, ಕರುವಿನ ತೊಗಲು, ನಾತ, ಊರು ಬೈದದ್ದು, ಎಲ್ಲ ಅವ್ವನದೇ. ಟೊಂಗೆ ಹಾಸಿ ದೂರ ನಿಂತದ್ದೂ ಅವ್ವನದು, ಆ ಮಾತು ಹೇಳುವಾಗ ಸಾಯವ್ವ ಕೂತಲ್ಲಿಂದ ಹಿಂದೆ ಸರಿದು ತೋರಿಸಿದ್ದು ಕಣ್ಣಿಗೆ ಕಟ್ಟಿದೆ. ಸುಜಾತಾ ಬರೆದುಕೊಳ್ಳುತ್ತ ಹೋದಳು. ಆಮೇಲೆ ನಾನು, ಮೊದಲ ಹಿಡಿ ಎತ್ತಿಕೊಳ್ಳಲು ಬಂದವನಿಗೆ ಮುತ್ತವ್ವ ದೂರದಿಂದಲೇ ಒಂದು ಮಾತು ಹೇಳಿದಳು ಎಂದು, ಆ ಮಾತನ್ನೂ ಹೇಳಿದೆ. ಸುಜಾತಾಳ ಕಣ್ಣು ತುಂಬಿದವು. ಅವಳು ಅದನ್ನು ಬರೆದು ಮುಗಿಸುವಷ್ಟರಲ್ಲಿ ನನಗೆ ಅನುಮಾನ ಹುಟ್ಟಿತು. ಅಷ್ಟು ಚೆಂದದ ಮಾತು. ಅದನ್ನು ಸಾಯವ್ವ ಹೇಳಿದ್ದೋ, ಇಷ್ಟು ವರ್ಷ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನಾನೇ ಸೇರಿಸಿದ್ದೋ? ಕಣ್ಣು ಮುಚ್ಚಿ ಅವಳ ದನಿ ಹುಡುಕಿದೆ. ನನ್ನದೇ ದನಿ ಕೇಳಿಸಿತು.

“ಯಾಕ್ರಿ ಕಾಕಾ?”

“ಈ ಒಂದು ಮಾತು ಯಾರದಂತ ನನಗ ಗೊತ್ತಿಲ್ಲವಾ.”

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅದನ್ನು ಬಿಡಲು ಅವಳಿಗೂ ಮನಸ್ಸಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಪೆನ್ನು ಎತ್ತಿ ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ಗೀಟು ಎಳೆದಳು. ನಾನೂ ಅದನ್ನು ಇಲ್ಲಿ ಬರೆದಿಲ್ಲ.

“ಮುಂದ ಹೇಳ್ರಿ” ಎಂದಳು.